ಸಂಧಾನಕ್ಕೆ ಬಂದ ಕೋಲೆ ಬಸವ

ಏಳು ಕಡಲು ಅಂತಾರಲ್ಲ ಮಕ್ಕಳೇ, ಅದರಲ್ಲಿ ಮೂರನೆಯ ಕಡಲಿನ ನಡುವೆ ಉಪ್ಪಿನದಿಬ್ಬ ಅಂತ ಒಂದು ದ್ವೀಪವಿತ್ತು. ಕಡಲಾಚೆಯ ಬಿಳಿಕೊಡೆ ರಾಜ ಅದನ್ನು ನೂರು ವರ್ಷದ ಮಾತಿನ ಮೇಲೆ ಹಿಡಿದುಕೊಂಡಿದ್ದ. ನೂರು ವರ್ಷ ತುಂಬುತ್ತಾ ಬಂತು. ದಡದ ಕೆಂಪುಕೊಡೆ ರಾಜ, "ಇನ್ನು ನನಗೆ ಕೊಡು" ಅಂದ. ಇಬ್ಬರೂ ಸಂಧಾನಕ್ಕೆ ಕೂತರು. ಹೋಳಿಗೆ ಉಂಡರು, ತಾಂಬೂಲ ಮೆದ್ದರು. ದ್ವೀಪದವರನ್ನು ಮಾತ್ರ ಯಾರೂ ಕೇಳಲಿಲ್ಲ.

ಆ ದ್ವೀಪದಲ್ಲಿ ಈರಬಡಪ್ಪ ಅಂತ ಒಬ್ಬ ಮುದುಕ. ಕೋಲೆ ಬಸವನನ್ನು ಆಡಿಸುವುದು ಅವನ ಕಸುಬು. ಅವನು ಉರುಮೆ ಬಾರಿಸಿ ಏನು ಕೇಳಿದರೂ ಬಸವ ಹೌದೆಂದು ತಲೆಯಾಡಿಸುತ್ತಿತ್ತು. ತನ್ನೂರನ್ನು ಕೊಟ್ಟು ತೆಗೆದುಕೊಳ್ಳುವ ಸುದ್ದಿ ಕೇಳಿ ಅವನು ಸಂಧಾನ ನಡೆಯುವಲ್ಲಿಗೇ ಹೊರಟ.

ಮೊದಲ ದಿನ ಹೋಗಿ ಕೈಮುಗಿದ. "ನಮ್ಮ ಯಜಮಾನನ್ನ ನಾವೇ ಆರಿಸ್ಕೋತೀವಿ ಬುದ್ಧೀ."

"ನಿಮಗಿನ್ನೂ ಬುದ್ಧಿ ಬಲಿತಿಲ್ಲ" ಅಂದ ಬಿಳಿಕೊಡೆ. ಈರಬಡಪ್ಪನ ಬಿಳಿಗಡ್ಡ ಆಗಲೇ ಹೊಕ್ಕುಳು ಮುಟ್ಟಿತ್ತು.

ಎರಡನೆಯ ದಿನ ಹೋದ. "ಕಾಲ ಕೂಡಿ ಬರಲಿ" ಅಂದ ಕೆಂಪುಕೊಡೆ.

ಮೂರನೆಯ ದಿನ ಬಸವನನ್ನೂ ಹೊಡೆದುಕೊಂಡು ಹೋದ. ಅಂದು ರಾಜರಿಬ್ಬರಿಗೂ ಪೀಕಲಾಟ. ಸಾಕ್ಷಿಗೆ ಬಂದಿದ್ದ ಸುತ್ತಲಿನ ರಾಜರು, "ಜನರ ಒಪ್ಪಿಗೆ ಎಲ್ಲಿ?" ಅಂತ ಕೇಳಿಬಿಟ್ಟಿದ್ದರು.

ಇಬ್ಬರೂ ಬಸವನ ಕಡೆ ನೋಡಿದರು. ಉರುಮೆ ಬಾರಿಸಲು ಹೇಳಿ ಪರೀಕ್ಷೆ ಮಾಡಿದರು. ಬಸವ ತಲೆಯಾಡಿಸಿತು. ಇಂಥ ಜನಪ್ರತಿನಿಧಿ ಇನ್ನೆಲ್ಲಿ ಸಿಕ್ಕಾನು! "ಬಸವ ತಲೆಯಾಡಿಸಿದ್ದೇ ಜನರ ಮಾತು, ಅದೇ ಕೊನೆಯ ಮಾತು" ಅಂತ ಓಲೆ ಬರೆಸಿ ಇಬ್ಬರೂ ಮುದ್ರೆ ಒತ್ತಿದರು. ಈರಬಡಪ್ಪ ಬಸವನ ಬೆನ್ನು ತಟ್ಟಿ ಮನೆಗೆ ಹೊಡೆದುಕೊಂಡು ಹೋದ.

ನೂರು ವರ್ಷ ತುಂಬಿದ ದಿನ ತುಂಬಿದ ಸಭೆ.

"ನಾನು ನಿಮ್ಮನ್ನು ಚೆನ್ನಾಗಿ ಆಳಿದೆನೇ?" ಬಿಳಿಕೊಡೆ ಕೇಳಿದ. ಈರಬಡಪ್ಪ ಉರುಮೆ ಬಾರಿಸಿದ, ಬಸವ ಹೌದೆಂದಿತು.

"ನಾನು ಇನ್ನೂ ಚೆನ್ನಾಗಿ ಆಳುತ್ತೇನೆಯೇ?" ಕೆಂಪುಕೊಡೆ ಕೇಳಿದ. ಬಸವ ಅದಕ್ಕೂ ಹೌದೆಂದಿತು. ಚಪ್ಪಾಳೆಯೋ ಚಪ್ಪಾಳೆ.

ದಿಬ್ಬವನ್ನು ಕೆಂಪುಕೊಡೆಗೆ ಕೊಡಲೇ ಅನ್ನುವ ಮೂರನೆಯ ಪ್ರಶ್ನೆಗೆ ರಾಜರು ಬಾಯಿ ತೆರೆಯುವ ಮೊದಲೇ ಈರಬಡಪ್ಪ ಉರುಮೆ ಬಾರಿಸಿದ. "ಈ ದಿಬ್ಬ ನಮ್ದೇ. ಇಬ್ರೂ ಅವರವರ ಮನೆಗೆ ಹೋಗ್ಲಿ. ಹೌದೇನಪ್ಪಾ ಬಸವಣ್ಣ?"

ಬಸವ ಮೂರು ಸಲ ತಲೆಯಾಡಿಸಿತು.

"ಅದು ದನ! ಅದಕ್ಕೇನು ತಿಳಿಯುತ್ತದೆ?" ರಾಜರಿಬ್ಬರೂ ಒಟ್ಟಿಗೆ ಕೂಗಿದರು.

"ಹಂಗಾದ್ರೆ ಮೊದಲು ನಿಮಗೆ ಹೌದಂದಿದ್ದೂ ಸುಳ್ಳೇ ಬುದ್ಧೀ?"

ಸಾಕ್ಷಿಯ ರಾಜರು ಹೊಟ್ಟೆ ಹಿಡಿದು ನಕ್ಕರು. ಕೊಡೆಯ ರಾಜರಿಬ್ಬರಿಗೂ ತಾವೇ ಮುದ್ರೆ ಒತ್ತಿದ ಓಲೆ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಇಬ್ಬರೂ ಕೊಡೆ ಮಡಚಿ ಹಡಗು ಹತ್ತಿದರು.

ದ್ವೀಪದವರು ಯಜಮಾನನನ್ನು ಆರಿಸಲು ಕೂತರು. ಯಾರೋ ಬಸವನ ಹೆಸರೆತ್ತಿದರು. "ಬ್ಯಾಡ್ರಪ್ಪೋ!" ಅಂದ ಈರಬಡಪ್ಪ. "ಬಾರಿಸಿದೋರಿಗೆಲ್ಲ ಹೌದನ್ನೋದು ಅದು. ಇಲ್ಲ ಅನ್ನೋಕೆ ಬರೋರನ್ನ ಕೂರಿಸ್ರಿ."

ನೀತಿ ಇಷ್ಟೇ ಮಕ್ಕಳೇ: ಊರಿನ ಮಾತು ಬೇಕಾದರೆ ಊರನ್ನೇ ಕೇಳಬೇಕು. ತಲೆಯಾಡಿಸುವವನನ್ನು ನಂಬಿದ ದೊರೆ, ಆ ತಲೆಯಾಟದಿಂದಲೇ ಕೆಡುತ್ತಾನೆ.