ಮಂಕಾಳಜ್ಜಿಯ ದೋಣಿಗೆ ಉಕ್ಕಿನ ಬಳೆ

ಹತ್ತಿರ ಬನ್ನಿ, ಕೂತ್ಕೊಳ್ಳಿ. ಒಂದು ಹೊಳೆ. ಹೊಳೆ ನಡುವೆ ಒಂದು ಕುರ್ವೆ. ಕುರ್ವೆ ಅಂದ್ರೆ ಸುತ್ತ ನೀರು, ನಡುವೆ ಊರು.

ಆ ಕುರ್ವೆಯಲ್ಲಿ ಮಂಕಾಳಜ್ಜಿ ಇದ್ದಳು. ಅಜ್ಜಿಗೊಂದು ದೋಣಿ. ದೋಣಿಗೊಂದು ಹಳೇ ಪೆಟ್ರೋಲ್ ಇಂಜಿನ್. ಟುಕು ಟುಕು ಟುಕು ಅಂತ ಮಾತಾಡ್ತಿತ್ತು. ದಿನಾ ಒಂಬತ್ತು ಮಕ್ಕಳನ್ನು ಶಾಲೆಗೆ ದಾಟಿಸ್ತಿತ್ತು.

ಒಂದು ಬೆಳಿಗ್ಗೆ ಅಜ್ಜಿ ಮೀನುಬುಟ್ಟಿ ಇಳಿಸೋಕೆ ಪೇಟೆ ದಡಕ್ಕೆ ಬಂದಳು. ಟುಕು ಟುಕು... ಟುಕ್. ಅಷ್ಟೇ. ಇಂಜಿನ್ನಿನ ದನಿ ಹೋಯ್ತು.

ಕುರ್ವೆಯಲ್ಲಿ ಒಂಬತ್ತು ಮಕ್ಕಳು ಕಾಯ್ತಿದ್ದರು. ಅವತ್ತು ಮಧ್ಯಾಹ್ನ ಪರೀಕ್ಷೆ.

ಅಜ್ಜಿ ಮೆಕ್ಯಾನಿಕ್ ಸಾಂತಾನನ ಹತ್ತಿರ ಹೋದಳು.

"ಸಾಂತಾನ, ಸಾಂತಾನ, ದೋಣಿ ಮಾತಾಡಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

ಸಾಂತಾನ ಇಂಜಿನ್ ಬಿಚ್ಚಿದ. "ಅಜ್ಜಿ, ಇಲ್ಲಿ ನೋಡಿ. ಇದು ವಾಲ್ವು. ಪುಟ್ಟ ಬಾಗಿಲು. ಚಿಟಿಕೆ ಹೊಡೆಯೋಷ್ಟರಲ್ಲಿ ಹತ್ತು ಸಲ ತೆಗೆದು ಹತ್ತು ಸಲ ಮುಚ್ಚುತ್ತೆ."

"ಹತ್ತು ಸಲವಾ?" ಅಂದಳು ಅಜ್ಜಿ. ಬಗ್ಗಿ ನೋಡಿದಳು. ನೋಡ್ತಾನೇ ಇದ್ದಳು. ಇಷ್ಟು ವರ್ಷ ತನ್ನ ಕಾಲ ಹತ್ತಿರವೇ ಇತ್ತು, ಈ ಪುಟ್ಟ ಬಾಗಿಲು.

"ಮೊದಲು ಪೆಟ್ರೋಲಲ್ಲಿ ಸೀಸ ಇತ್ತು. ಬಾಗಿಲು ಬಡಿಯೋ ಜಾಗಕ್ಕೆ ಮೆತ್ತನೆ ಹಾಸ್ತಿತ್ತು. ಆದ್ರೆ ಸೀಸ ವಿಷ. ಮಕ್ಕಳಿಗೆ ಆಗಲ್ಲ ಅಂತ ನಿಲ್ಲಿಸಿದ್ರು."

"ಒಳ್ಳೇದೇ ಮಾಡಿದ್ರು ಬಿಡು."

"ಹೌದು. ಆದ್ರೆ ಈಗ ಬರೀ ಕಬ್ಬಿಣದ ಮೇಲೆ ಬಾಗಿಲು ಬಡೀತದೆ. ಆ ಜಾಗ ದಿನಾ ಇಷ್ಟಿಷ್ಟೇ ಸವೆದಿದೆ. ಅಲ್ಲಿಗೊಂದು ಗಟ್ಟಿ ಉಕ್ಕಿನ ಬಳೆ ಬೇಕು. ಬಳೆ ಇಲ್ಲದೆ ನಾನು ಕೂರಿಸಲ್ಲ."

ಅಜ್ಜಿ ಲೇತ್ ಅಂಗಡಿ ಖಾಸಿಂ ಸಾಹೇಬರ ಹತ್ತಿರ ಹೋದಳು.

"ಸಾಯ್ಬ್ರೇ, ಸಾಯ್ಬ್ರೇ, ಬಳೆ ಮಾಡಿಕೊಡಿ. ಸಾಂತಾನ ಕೂರಿಸಲ್ಲ, ದೋಣಿ ಮಾತಾಡಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

"ಗಟ್ಟಿ ಉಕ್ಕು ಬೇಕಲ್ಲ ಅಜ್ಜಿ. ಉಕ್ಕಿಲ್ಲದೆ ನಾನು ಮಾಡಲ್ಲ."

ಅಜ್ಜಿ ಗುಜರಿ ಅಂಗಡಿ ಗುಲಾಬಿಯ ಹತ್ತಿರ ಹೋದಳು.

"ಗುಲಾಬಿ, ಗುಲಾಬಿ, ಉಕ್ಕು ಕೊಡು. ಸಾಯ್ಬ್ರು ಬಳೆ ಮಾಡಲ್ಲ, ಸಾಂತಾನ ಕೂರಿಸಲ್ಲ, ದೋಣಿ ಮಾತಾಡಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

"ಉಕ್ಕಿದೆ ಅಜ್ಜಿ, ರಾಶಿಯ ಅಡೀಲಿ. ರಾಶಿ ಎತ್ತದೆ ನಾನು ಕೊಡಲ್ಲ."

ಅಜ್ಜಿ ಹಮಾಲ ಈರನ ಹತ್ತಿರ ಹೋದಳು.

"ಈರ, ಈರ, ರಾಶಿ ಎತ್ತು. ಗುಲಾಬಿ ಉಕ್ಕು ಕೊಡಲ್ಲ, ಸಾಯ್ಬ್ರು ಬಳೆ ಮಾಡಲ್ಲ, ಸಾಂತಾನ ಕೂರಿಸಲ್ಲ, ದೋಣಿ ಮಾತಾಡಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

"ಬೆಳಗಿಂದ ಏನೂ ತಿಂದಿಲ್ಲ ಅಜ್ಜಿ. ಬೆಳಚಿನ ಸಾರು ಹಾಕು. ಉಣ್ಣದೆ ನಾನು ಎತ್ತಲ್ಲ."

ಬೆಳಚು ಅಂದ್ರೆ ಹೊಳೆಯ ಚಿಪ್ಪುಮೀನು, ನೀರು ಇಳಿದಾಗ ಮರಳಲ್ಲಿ ಸಿಗೋದು. ಅಜ್ಜಿ ಹೊಳೆ ಹತ್ತಿರ ಹೋದಳು.

"ಹೊಳೆಯವ್ವಾ, ಹೊಳೆಯವ್ವಾ, ಬೆಳಚು ಕೊಡು. ಈರ ರಾಶಿ ಎತ್ತಲ್ಲ, ಗುಲಾಬಿ ಉಕ್ಕು ಕೊಡಲ್ಲ, ಸಾಯ್ಬ್ರು ಬಳೆ ಮಾಡಲ್ಲ, ಸಾಂತಾನ ಕೂರಿಸಲ್ಲ, ದೋಣಿ ಮಾತಾಡಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

"ಈಗ ಭರತ, ನೀರು ತುಂಬಿದೆ" ಅಂದಳು ಹೊಳೆ. "ಚಂದ್ರ ಬಿಡದೆ ನಾನು ಇಳಿಯಲ್ಲ."

ಅಜ್ಜಿ ತಲೆ ಎತ್ತಿದಳು. ಹಗಲಾಗಿತ್ತು. ಆದ್ರೂ ಚಂದ್ರ ಇದ್ದ. ಅರ್ಧ ಚಂದ್ರ, ಹಾಲಿನ ಕೆನೆಯ ಹಾಗೆ ತೆಳ್ಳಗೆ.

"ಚಂದ್ರಪ್ಪಾ, ಚಂದ್ರಪ್ಪಾ, ನೀರು ಬಿಡು. ಹೊಳೆ ಬೆಳಚು ಕೊಡಲ್ಲ, ಈರ ರಾಶಿ ಎತ್ತಲ್ಲ, ಗುಲಾಬಿ ಉಕ್ಕು ಕೊಡಲ್ಲ, ಸಾಯ್ಬ್ರು ಬಳೆ ಮಾಡಲ್ಲ, ಸಾಂತಾನ ಕೂರಿಸಲ್ಲ, ದೋಣಿ ಮಾತಾಡಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

ಚಂದ್ರ ಇಲ್ಲ ಅನ್ನಲಿಲ್ಲ. ಮೆಲ್ಲಗೆ, ಮೆಲ್ಲಗೆ, ಕಡಲ ಕಡೆ ಇಳಿದ. ಅವನು ಇಳಿದ ಹಾಗೆ ಹೊಳೆಯೂ ಇಳಿಯಿತು.

ಅಜ್ಜಿ ಕೈಮುಗಿದು ನಿಂತಳು. ಇಷ್ಟು ದೊಡ್ಡ ಹೊಳೆ. ಅಷ್ಟು ದೂರದ ಚಂದ್ರ. ನಡುವೆ ಒಂದು ಹಗ್ಗವೂ ಇಲ್ಲ.

ಚಂದ್ರ ನೀರು ಬಿಟ್ಟ. ಹೊಳೆ ಬೆಳಚು ಕೊಟ್ಟಳು. ಅಜ್ಜಿ ಸಾರು ಮಾಡಿದಳು. ಈರ ಉಂಡ, ರಾಶಿ ಎತ್ತಿದ. ಗುಲಾಬಿ ಉಕ್ಕು ಕೊಟ್ಟಳು. ಸಾಹೇಬರು ಬಳೆ ಮಾಡಿದರು. ಮಗುವಿನ ಕೈಬಳೆಯಷ್ಟೇ, ಫಳಫಳ ಅನ್ನೋ ಬಳೆ. ಸಾಂತಾನ ಕೂರಿಸಿದ. ಪುಟ್ಟ ಬಾಗಿಲು ಗಟ್ಟಿಯಾಗಿ ಮುಚ್ಚಿತು.

ಅಜ್ಜಿ ಇಂಜಿನ್ನಿನ ಹಗ್ಗ ಎಳೆದಳು.

ಟುಕ್. ಟುಕು. ಟುಕು ಟುಕು ಟುಕು.

ದೋಣಿ ಮಾತಾಡಿತು. ಪರೀಕ್ಷೆಗೆ ಮುಂಚೆಯೇ ಕುರ್ವೆ ಮುಟ್ಟಿತು. ಒಂಬತ್ತು ಮಕ್ಕಳು ಹತ್ತಿದರು.

ಹೊಳೆ ನಡುವೆ ಅಜ್ಜಿ ಅವರಿಗೆ ಹೇಳಿದಳು: "ಇದರೊಳಗೆ ಒಂದು ಪುಟ್ಟ ಬಾಗಿಲಿದೆ ಮಕ್ಕಳೇ. ಈಗಲೂ ತೆಗೀತಿದೆ, ಮುಚ್ಚುತ್ತಿದೆ."

ಒಬ್ಬಳು ದೋಣಿಯ ಹಲಗೆಗೆ ಕಿವಿ ಇಟ್ಟಳು. ಇನ್ನೊಬ್ಬ ಇಟ್ಟ. ಮತ್ತೊಬ್ಬಳು ಇಟ್ಟಳು.

ಒಂಬತ್ತು ಕಿವಿ ಹಲಗೆಗೆ. ಹಾಗೇ ಕೇಳ್ತಾ ಕೇಳ್ತಾ ಹೊಳೆ ದಾಟಿದರು.