ಬೆನ್ನು ಮೇಲಾದ ಬಿಲ್ಲೆಗಳು

"ಗುರುಗಳೇ, ಹನ್ನೆರಡು ವರ್ಷದಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ಎದ್ದಾಗಲೆಲ್ಲ ಮನಸ್ಸು ಎಷ್ಟು ತಿಳಿಯಾಯಿತು ಎಂದು ನೋಡಿಕೊಳ್ಳುತ್ತೇನೆ. ಏನೂ ಕಾಣುವುದಿಲ್ಲ. ಬಿಟ್ಟುಬಿಡಲೇ?" ಎಂದು ಶಿಷ್ಯ ಗುರುಪಾದ ಕೇಳಿದ.

"ಬಿಡುವುದಕ್ಕೆ ಗುರುವಿನ ಅಪ್ಪಣೆ ಬೇರೆ ಬೇಕೇ? ಕೂತು ಕೇಳು" ಎಂದು ಗುರುಗಳು ಕತೆ ಹೇಳಿದರು.

ಬೀದರಿನಲ್ಲಿ ಒಬ್ಬ ಗೌಂಡಿ ಇದ್ದ. ಊರಿನ ಹಳೆಯ ಕಟ್ಟಡವೊಂದರ ಗೋಡೆಗೆ ಕೂರಿಸಿದ್ದ, ಸುಟ್ಟ ಮಣ್ಣಿನ ನೀಲಿ ಬಿಲ್ಲೆಗಳು ಉದುರುತ್ತಿದ್ದವು. ಅವನ್ನು ಮತ್ತೆ ಕೂರಿಸಬಲ್ಲವರು ಅಲ್ಲಿ ಯಾರೂ ಉಳಿದಿರಲಿಲ್ಲ. ಆ ವಿದ್ಯೆ ಕಲಿಯದೆ ಊರಿಗೆ ಮುಖ ತೋರಿಸುವುದಿಲ್ಲ ಎಂದು ಹಠ ತೊಟ್ಟು ಅವನು ಹಡಗು ಹತ್ತಿ, ಒಂಟೆಗಳ ಹಿಂದೆ ನಡೆದು, ಇಂಥ ಬಿಲ್ಲೆಗಳಿಗೆ ಹೆಸರಾದ ಇಸ್ಫಹಾನ್ ನಗರ ಸೇರಿದ. ಒಂದು ವಾರ ಅಲ್ಲಿನ ಗುಮ್ಮಟಗಳನ್ನು ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಬಿಲ್ಲೆ ಕೆಲಸ ಕಲಿಸುವ ಒಬ್ಬ ಮುದಿ ಉಸ್ತಾದನ ಕಾಲಿಗೆ ಬಿದ್ದ.

ಅಲ್ಲಿಯ ಪದ್ಧತಿ ಬೇರೆ. ಬಿಲ್ಲೆಯನ್ನು ಚೂರುಚೂರಾಗಿ ಕತ್ತರಿಸಿ, ಬಣ್ಣದ ಮುಖವನ್ನು ನೆಲಕ್ಕೆ ಮಾಡಿ ಜೋಡಿಸುತ್ತಾರೆ. ಕೆಲಸಗಾರನಿಗೆ ಕಾಣುವುದು ಬರೀ ಮಣ್ಣಿನ ಬೆನ್ನು. ಮೇಲೆ ಗಚ್ಚು ಸುರಿದು, ಅದು ಒಣಗಿದ ಮೇಲೆ ಹಲಗೆಯಂತೆ ಎತ್ತಿ ನಿಲ್ಲಿಸಿದಾಗಲೇ ಹೂಬಳ್ಳಿ ಕಾಣುವುದು.

"ಒಂದು ಹಲಗೆ ಮಾಡಿ ತೋರಿಸು. ಕೆಟ್ಟರೆ ನಿನ್ನ ದಾರಿ ನಿನಗೆ" ಎಂದ ಉಸ್ತಾದ.

ಗೌಂಡಿ ನಲವತ್ತು ದಿನ ಕೂತ. ಕಣ್ಣೆದುರು ಬರೀ ಮಣ್ಣು. ಅವನಿಗೆ ಭಯವಾಯಿತು. ತಡೆಯಲಾರದೆ ಒಂದು ಚೂರು ಎತ್ತಿ ಬಣ್ಣ ನೋಡಿ ಮತ್ತೆ ಇಟ್ಟ. ಹೀಗೆ ಮೂರು ಸಲ ಆಯಿತು. ಹಲಗೆ ಎತ್ತಿದಾಗ ಬಳ್ಳಿ ಮೂರು ಕಡೆ ಎಳ್ಳಿನಷ್ಟು ಜರುಗಿತ್ತು. ಗೌಂಡಿಯ ಮುಖ ಇಂಗು ತಿಂದ ಮಂಗನಂತಾಯಿತು.

ಉಸ್ತಾದ ಆ ಮೂರು ಕಡೆ ಬೆರಳಿಟ್ಟ. "ಮಿಕ್ಕೆಲ್ಲ ಕಡೆ ನಿನ್ನ ಕೈ ಕೆಲಸ ಮಾಡಿದೆ. ಇಲ್ಲಿ ನಿನ್ನ ಅನುಮಾನ ಕೆಲಸ ಮಾಡಿದೆ."

"ಇನ್ನೊಂದು ಸಲ ಕೂರುತ್ತೇನೆ ಉಸ್ತಾದರೇ. ಕತ್ತು ಹಿಡಿದು ನೂಕಿದರೂ ಹೋಗುವುದಿಲ್ಲ" ಎಂದ ಗೌಂಡಿ. ಉಸ್ತಾದ ಒಳಗೆ ಹೋದ. ಗೌಂಡಿ ಗಚ್ಚನ್ನು ಒಡೆದ. ಚೂರುಗಳನ್ನು ಒಂದೊಂದಾಗಿ ತೊಳೆದ. ಮತ್ತೆ ಬೆನ್ನು ಮೇಲೆ ಮಾಡಿ ಜೋಡಿಸುತ್ತಾ ಕೂತ.

ಗುರುಗಳು ಇಷ್ಟಕ್ಕೇ ಕತೆ ನಿಲ್ಲಿಸಿ ಏಳಹೊರಟರು.

ಗುರುಪಾದ ಅವಸರವಾಗಿ ಕೇಳಿದ: "ಎರಡನೆಯ ಸಲ ಬಳ್ಳಿ ಸರಿಯಾಗಿ ಬಂತೇ, ಗುರುಗಳೇ?"

"ಅಗೋ, ನೀನೂ ಮತ್ತೊಂದು ಚೂರು ಎತ್ತಿ ನೋಡಿದೆಯಲ್ಲ!"