ದಾವಲಸಾಬನ ಹತ್ತು ಎಣಿಕಿ

ಹಿಂದಕ ಒಂದೂರಾಗ, ಘಟ್ಟದ ರಸ್ತೆ ಕೆಳಗ ಇಳಿಯಾಕ ಶುರು ಮಾಡೂ ಜಾಗಾದಾಗ, ಒಂದು ಹುಣಸೀಮರ ಇತ್ತು. ಮರದ ಕೆಳಗ ಒಂದು ಗ್ಯಾರೇಜು ಇತ್ತು. ಗ್ಯಾರೇಜಿನಾಗ ದಾವಲಸಾಬ ಅನ್ನೂ ಮಿಸ್ತ್ರಿ ಇದ್ದ. ಯಾವ ಕಾಲ ಅಂತ ಕೇಳಬ್ಯಾಡ್ರಿ. ಮೋಟಾರು ಬಂದಿದ್ವು, ಟಾಂಗಾ ಇನ್ನೂ ಹೋಗಿರಲಿಲ್ಲ, ಅಷ್ಟು ಸಾಕು. ಹೂಂ ಅನ್ಕೋತ ಕೇಳ್ರಿ. ಹೂಂ ಅಂದ್ರ ಹೇಳ್ತೇನಿ, ಇಲ್ಲಂದ್ರ ಎದ್ದು ಹೊಕ್ಕೇನಿ.

ಗಾಡಿ ರಿಪೇರಿ ಮಾಡೂ ಮಂದಿ ಊರಿಗೆ ಹತ್ತು ಸಿಗ್ತಾರ. ದಾವಲಸಾಬನ ಹೆಸರು ಬೆಳದದ್ದು ಹಳೇ ಗಾಡಿ ಪರೀಕ್ಷಾದಾಗ. ಒಬ್ಬರು ಓಡಿಸಿ ಬಿಟ್ಟ ಗಾಡಿ ಇನ್ನೊಬ್ಬರು ಕೊಳ್ಳೂ ಮುಂದ ಅವನ ಕಡೆ ತರ್ತಿದ್ರು. ಅವ ಹೂಂ ಅಂದ್ರ ವ್ಯಾಪಾರ, ಊಹೂಂ ಅಂದ್ರ ಬಂದ ದಾರಿಗೆ ಸುಂಕ ಇಲ್ಲ. ಎಂಜಿನ್ ಮ್ಯಾಲ ನೀರು ತುಂಬಿದ ಲೋಟ ಇಡ್ತಿದ್ದನಂತ, ಒಂದು ಹನಿ ತುಳುಕಿದ್ರ ಗಾಡಿ ವಾಪಸ್ಸಂತ. ದಾರಕ್ಕ ಕಟ್ಟಿದ ಚುಂಬಕ ಬಾಗಿಲ ಮ್ಯಾಲ ಹಾಯಿಸಿ, ಬಣ್ಣದ ಕೆಳಗ ಎಲ್ಲಿ ತಗಡು ಐತಿ, ಎಲ್ಲಿ ಬರೇ ಪುಟ್ಟಿ ಮೆತ್ತ್ಯಾರ ಅಂತ ಹೇಳ್ತಿದ್ದನಂತ. ಮೀಟರ್ ಹಿಂದಕ ತಿರುಗಿಸಬಹುದಪಾ, ಪೆಡಲಿನ ರಬ್ಬರ್ ಸವದದ್ದು ಹೆಂಗ ತಿರುಗಸ್ತೀರಿ ಅಂತ ನಗತಿದ್ದನಂತ. ಆಯಿಲ್ ಮೂಸಿ ನೋಡಿ, ಡ್ರೈವರ್ ಮಧ್ಯಾಹ್ನ ಏನು ಉಂಡಾನ ಅಂತನೂ ಹೇಳ್ತಿದ್ದ ಅಂತಾರ. ಅದು ಸುಳ್ಳಿರಬೇಕು. ಮಂದಿ ನಾಲಿಗಿಗೆ ಎಲುಬಿಲ್ಲ.

ಖರೇ ವಿದ್ಯಾ ಬ್ಯಾರೇನ ಇತ್ತು. ಎಂಥಾ ಗಾಡಿ ಬರಲಿ, ಯಾರ ಗಾಡಿ ಬರಲಿ, ಅದು ಒಂದು ರಾತ್ರಿ ಹುಣಸೀಮರದ ಕೆಳಗ ನಿಲ್ಲಬೇಕು. ಬಿಸಿ ಗಾಡಿ ಸುಳ್ಳು ಹೇಳ್ತೈತಿ, ತಣ್ಣಂದು ಖರೇ ಹೇಳ್ತೈತಿ ಅನ್ನೂದು ಅವನ ಮಾತು. ನಿಂತ ಗಾಡ್ಯಾಗ ಆಯಿಲ್ ಎಲ್ಲಾ ಕೆಳಗ ಇಳದಿರ್ತೈತಿ. ಬೆಳಿಗ್ಗೆ ಚಾಲೂ ಮಾಡಿದ್ರ ಅದು ಮ್ಯಾಲ ಏರಾಕ ಹತ್ತು ಎಣಿಸೂವಷ್ಟು ಹೊತ್ತು ಬೇಕು. ಆ ಹತ್ತರೊಳಗ ಎಂಜಿನ್ನಿನ ಸವದ ಬೇರಿಂಗು ಟಕ್ ಟಕ್ ಅಂತ ಬಡೀತಾವು. ಆಮ್ಯಾಲ ಆಯಿಲ್ ಏರಿ ಬಾಯಿ ಮುಚ್ಚತೈತಿ. ದಾವಲಸಾಬ ಕಣ್ಣು ಮುಚ್ಚಿ ನಿಂತು ಆ ಹತ್ತು ಎಣಿಕಿ ಕೇಳ್ತಿದ್ದ. ಅಷ್ಟ ನೋಡ್ರಿ ಅವನ ಮಂತ್ರ. ಇದನ್ನ ಅವಗ ಕಲಿಸಿದಾವ ಪೀರಸಾಬ ಉಸ್ತಾದ. ದಾವಲಸಾಬಗ ನಟ್ಟು ಬಿಚ್ಚೂ ಪಾನಾ ಹಿಡಿಯಾಕ ಕಲಿಸಿ, ಅನ್ನ ಹಾಕಿ, ಮದುವಿ ಮಾಡಿದಾವನೂ ಅವನ. ಉಸ್ತಾದ ಕೂತ ಕಟ್ಟಿ ಮ್ಯಾಲ ದಾವಲಸಾಬ ಒಂದು ದಿನಾನೂ ಕೂತಾವಲ್ಲ.

ಅದೇ ಊರಾಗ ಟಾಂಗಾ ಹೊಡಿಯೂ ಅಡಿವೆಪ್ಪ ಇದ್ದ. ದಾವಲಸಾಬನ ಜೀವದ ಗೆಳ್ಯಾ. ಅವನ ಹೆಣ್ತಿ ನೀಲವ್ವ. ಆಕಿಗೆ ಚೊಚ್ಚಲ ಹೆರಿಗಿ ಬ್ಯಾನಿ ಬಂದಾಗ ಘಟ್ಟದ ಕೆಳಗಿನ ದವಾಖಾನಿಗೆ ಟಾಂಗಾದಾಗ ಹೊಂಟಿದ್ರು. ಮುಟ್ಟಲಿಲ್ಲ. ಕೂಸು ಅರ್ಧ ದಾರ್‍ಯಾಗ ಹೋತು. ಅವತ್ತಿನಿಂದ ಅಡಿವೆಪ್ಪಗ ಒಂದ ಹಟ. ಘಟ್ಟ ಒಂದ ಉಸಿರಿನಾಗ ಇಳಿದು ಒಂದ ಉಸಿರಿನಾಗ ಏರೂ ಗಾಡಿ ಬೇಕು, ಇನ್ನ ಮುಂದ ಈ ಊರಿನ ಯಾವ ಹೆಣ್ಣಮಗಳೂ ದಾರ್‍ಯಾಗ ಕೂಸು ಕಳಕೋಬಾರದು.

ಅಂಥಾ ಗಾಡಿ ಸಿಕ್ಕಿತು. ಯಾವನೋ ಸಾವುಕಾರ ಹುಚ್ಚಿಗೆ ತರಿಸಿದ್ದು. ಕೆಂಪು ಬಣ್ಣ, ಉದ್ದನ್ನ ಮೂತಿ, ಎಂಟು ಸಿಲಿಂಡರು. ಚಾಲೂ ಮಾಡಿದ್ರ ಎದಿ ನಡಗತಿತ್ತಂತ. ಮಂದಿ ಅದಕ್ಕ ಪೈಲ್ವಾನ ಗಾಡಿ ಅಂತಿದ್ರು. ಆದ್ರ ತಮ್ಮಾ, ತಾಲೀಮಿನಾಗ ಮುರದ ಪೈಲ್ವಾನನೂ ಹೊರಗ ನೋಡಾಕ ಚಲೋನ ಕಾಣ್ತಾನ. ಸಾವುಕಾರ ಅದನ್ನ ಯಾರ ಮೋಟಾರು ಮುಂದ ಹೊಕ್ಕೈತಿ ಅಂತ ಪಂದ್ಯಾ ಕಟ್ಟಿ ಓಡಿಸ್ಯಾಡಿ ಬಿಟ್ಟಿದ್ದ. ಶಿಷ್ಯನಕಿಂತ ಗುರು ಮ್ಯಾಲ ಅಂತ ಅಡಿವೆಪ್ಪ ಹೋಗಿ ಪೀರಸಾಬ ಉಸ್ತಾದನ ಕಾಲು ಹಿಡದ. ಉಸ್ತಾದ ತಾನ ಹೋಗಿ, ಕೇಳಿ, ನೋಡಿ, ಗಾಡಿ ಬಂಗಾರ ಐತಿ ಅಂತ ಹತ್ತು ಮಂದಿ ಮುಂದ ಮಾತು ಕೊಟ್ಟ. ಅಡಿವೆಪ್ಪ ತನ್ನ ಕುದುರಿ ಚಂದ್ರೀನ್ನ ಮಾರಿ ಬಂದ. ಮಾರಿದ ದಿನ ಅದರ ಕುತ್ತಿಗಿ ಹಿಡಕೊಂಡು ಅತ್ತನಂತ.

ಉಸ್ತಾದ ಆ ಗಾಡಿ ಹೊಡಕೊಂಡು ಹುಣಸೀಮರದ ಕೆಳಗ ಬಂದು ನಿಲ್ಲಿಸಿದ. ದಾವಲಸಾಬ ಬಾನೆಟ್ ಮ್ಯಾಲ ಅಂಗೈ ಇಟ್ಟ. ಬಿಸಿ. ಬಿಸಿ ಇರಬೇಕಲ್ಲ, ಓಡಿಸ್ಕೊಂಡು ಬಂದಾರ. ಆಯಿಲಿನ ಕಡ್ಡಿ ತಗದು ಬೆರಳಾಗ ತಿಕ್ಕಿ ನೋಡಿದ. ಕಾಕಂಬಿಯಷ್ಟು ದಪ್ಪ. ಗಾಡ್ಯಾಗ ಬಡಿತ ಇದ್ರ ಮಾರಾವ್ರು ಹಿಂಗ ದಪ್ಪ ಆಯಿಲ್ ಹಾಕಿ ಅದರ ಬಾಯಿ ಕಟ್ಟತಾರ. ಉಸ್ತಾದ ಎಂಜಿನ್ ಚಾಲೂ ಮಾಡಿದ. ಆ ಗದ್ದಲದ ಅಡಿಯಾಗ, ಭಾಳ ಆಳದಾಗ, ಟಕ್ ಅಂತು. ಮತ್ತೊಮ್ಮೆ ಟಕ್ ಅಂತು. ದಾವಲಸಾಬ ಉಸ್ತಾದನ ಮಾರಿ ನೋಡಿದ. ಉಸ್ತಾದ ನಗತಿದ್ದ. ತುಪ್ಪ ಸುರಿದಂಗ ಐತಿ ಅಲ್ಲೇನು ಅಂತ ಕೇಳಿದ.

ಆವಾಗ ಹೇಳಬೇಕಿತ್ತು. ಒಂದು ವರ್ಷದಿಂದ ಉಸ್ತಾದನ ಕಿವಿ ಮಂದ ಆಗಿದ್ವು. ಮಾತಾಡಿದ್ರ ಬಲಗಿವಿ ತಿರುಗಸ್ತಿದ್ದ, ಅರ್ಧಕ್ಕ ಸುಮ್ಮನ ನಗತಿದ್ದ. ದಾವಲಸಾಬಗ ಗೊತ್ತಿತ್ತು, ಗ್ಯಾರೇಜಿನ ಎಲ್ಲಾರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಉಸ್ತಾದ ಒಮ್ಮೆ ಕೇಳಿ ಒಪ್ಪಿದ ಗಾಡೀನ್ನ ಶಿಷ್ಯ ಮತ್ತ ಕೇಳೂದು ಅವರ ಕೆಲಸದಾಗ ಭಾಳ ದೊಡ್ಡ ಅಪಮಾನ. ಒಂದು ರಾತ್ರಿ ಇಲ್ಲೇ ಬಿಡ್ರಿ ಅನ್ನೂ ಮಾತು ನಾಲಿಗಿ ತುದೀತನಕ ಬಂತು. ದಾವಲಸಾಬ ನುಂಗಿದ. ನಿಮ್ಮ ಕಿವಿ ಮುಂದ ನಂದೇನ್ರಿ ಉಸ್ತಾದ ಅಂದ. ಅಡಿವೆಪ್ಪ ಗಾಡಿಗೆ ಕಾಯಿ ಒಡದ.

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ಅಯ್ಯ, ಆಡದ ಮಾತೂ ಹೊಕ್ಕೈತಿ, ಹೋಗುವಾಗ ಒಬ್ಬನ್ನ ಕರಕೊಂಡು ಹೊಕ್ಕೈತಿ!

ಇಪ್ಪತ್ತು ದಿನ ಅಡಿವೆಪ್ಪ ರಾಜನಂಗ ಓಡ್ಯಾಡಿದ. ಇಬ್ಬರು ಬಸರೀ ಹೆಣ್ಣಮಕ್ಕಳನ್ನ ಹೊತ್ತಿಗೆ ಸರಿಯಾಗಿ ದವಾಖಾನಿಗೆ ಮುಟ್ಟಿಸಿದ. ಇಪ್ಪತ್ತೊಂದನೇ ದಿನ ಅವರೊಳಗ ಒಬ್ಬಾಕೀನ್ನ, ಕೂಸಿನ ಕೂಡ ವಾಪಸ್ ತರಾಕ ಒಬ್ಬನ ಹೊಂಟಿದ್ದ. ಏಳನೇ ತಿರುವಿನಾಗ ಗಾಡಿ ದಾರಿ ಬಿಟ್ಟು ಕೆಳಗ ಕಮರಿಗೆ ಹೋತು. ಅಡಿವೆಪ್ಪ ಉಳೀಲಿಲ್ಲ.

ಮಂದಿ ಏನಂದ್ರು ಗೊತ್ತೇನು? ಕುದುರಿ ಹೊಡ್ಯಾವಗ ಕಾರು ಯಾಕ ಬೇಕಿತ್ತು ಅಂದ್ರು. ಗಾಬರ್‍ಯಾಗ ಇಲ್ಲದ ಲಗಾಮು ಜಗ್ಗಿರಬೇಕು ಅಂತ ನಕ್ಕಾವ್ರೂ ಇದ್ರು. ಹುಳಾ ಬೀಳಲಿ ಅವರ ಬಾಯಾಗ. ದಾವಲಸಾಬ ಒಬ್ಬನ ಕಮರಿಗೆ ಇಳಿದು ಎಂಜಿನ್ ಬಿಚ್ಚಿ ನೋಡಿದ. ಬೇರಿಂಗು ಸವದು ಎಲಿಯಷ್ಟು ತೆಳ್ಳಗ ಆಗಿದ್ವು, ಒಳಗಿನ ರಾಡು ಮುರದಿತ್ತು. ಎಂಜಿನ್ ಜಾಮಾಗಿ ಗಾಲಿ ಕಚ್ಚಿಕೊಂಡಿದ್ವು. ಯಾವ ಶೂರನೂ ಆ ತಿರುವಿನಾಗ ಅದನ್ನ ಹಿಡೀತಿದ್ದಿಲ್ಲ. ದಾವಲಸಾಬ ಆ ಮುರದ ರಾಡು ಟಾವೆಲ್ಲಿನಾಗ ಸುತ್ತಿಕೊಂಡು ಮ್ಯಾಲ ಬಂದ. ಬಂದು ಯಾರಿಗೂ ಏನೂ ಹೇಳಲಿಲ್ಲ. ಎರಡನೇ ಸಲನೂ ಹೇಳಲಿಲ್ಲ ನೋಡ್ರಿ.

ಅಡಿವೆಪ್ಪನ ದಿನಕರ್ಮ ಮುಗಿದ ಮ್ಯಾಲ ನೀಲವ್ವ ಗ್ಯಾರೇಜಿಗೆ ಬಂದಳು. ಮಂದಿ ಕೂಡಿತ್ತು. ಪೀರಸಾಬ ಉಸ್ತಾದ ಕಟ್ಟಿ ಮ್ಯಾಲ ಕೂತು, ಗಾಡಿ ಬಂಗಾರ ಇತ್ತು, ಪಾಪ ಅಡಿವೆಪ್ಪನ ಕೈ ತಪ್ಪಿತು ಅಂತ ಹೇಳಾಕತ್ತಿದ್ದ. ನೀಲವ್ವ ಅಳಲಿಲ್ಲ. ಸೀದಾ ದಾವಲಸಾಬನ ಮುಂದ ಹೋಗಿ ನಿಂತಳು.

"ಅಣ್ಣಾ, ಸತ್ತಾವ ಸತ್ತ. ಅವನ ಕೈ ತಪ್ಪಿತು ಅಂತ ಊರೆಲ್ಲಾ ಅಂತೈತಿ. ನಿನ್ನೊಬ್ಬನ್ನ ಕೇಳ್ತೇನಿ. ಅವತ್ತ ನಿನಗ ಏನಾರ ಕೇಳಿತ್ತೇನು?"

ದಾವಲಸಾಬ ನೆಲ ನೋಡಿದ. ಕೇಳಿತ್ತು ತಂಗಿ, ಅಂತ ಸಣ್ಣ ದನಿಲೆ ಅಂದ.

ಉಸ್ತಾದ ಕಿವಿಗೆ ಕೈ ಹಚ್ಚಿದ. ಏನಂದಿ, ಜೋರಾಗಿ ಹೇಳು ಅಂದ. ಉಸ್ತಾದ ಮತ್ತ ಕೇಳಿದ. ಆವಾಗ ದಾವಲಸಾಬ ಟಾವೆಲ್ ಬಿಚ್ಚಿ ಮುರದ ರಾಡು ಕಟ್ಟಿ ಮ್ಯಾಲ ಇಟ್ಟ. ಇಟ್ಟು ಒದರಿದ. ಆ ಒದರಾಟ ಘಟ್ಟದ ಕೆಳಗ ಮೂರು ತಿರುವಿನತನಕ ಕೇಳಿತ್ತು ಅಂತಾರ.

"ಉಸ್ತಾದ, ಗಾಡಿ ಬಡೀತಿತ್ರಿ! ನಿಮಗ ಕೇಳಿಸಲಿಲ್ಲ! ನನಗ ಕೇಳಿಸಿತ್ತು! ನಾ ಬಾಯಿ ಬಿಡಲಿಲ್ಲ!"

ಉಸ್ತಾದ ಆ ರಾಡು ಎತ್ತಿ, ಮುರದ ಜಾಗಾದ ಮ್ಯಾಲ ಹೆಬ್ಬಟ್ಟು ಆಡಿಸಿದ. ಭಾಳ ಹೊತ್ತು ಆಡಿಸಿದ. ಅವನ ಗಡ್ಡ ತೊಯ್ದಿತ್ತು. ಕಡೀಕ ಒಂದ ಮಾತು ಕೇಳಿದ.

"ಅವತ್ತ ಯಾಕ ಹೇಳಲಿಲ್ಲೋ ಮಗನ? ನಾ ಏನು ಬೈತಿದ್ನೇನು?"

ಅಷ್ಟ ಕೇಳಿ ಎದ್ದು ಮನಿಗೆ ಹೋದ. ಮತ್ತ ಪಾನಾ ಹಿಡೀಲಿಲ್ಲ. ಆ ಮಾತಿಗೆ ಜವಾಬು ದಾವಲಸಾಬಗ ಜೀವ ಇರೂತನಕ ಸಿಗಲಿಲ್ಲಂತ. ಉಸ್ತಾದ ಬೈದಿದ್ರ ಚಲೋ ಇತ್ತು, ಹೊಡದಿದ್ರ ಇನ್ನೂ ಚಲೋ ಇತ್ತು ಅಂತ ಹಲುಬತಿದ್ದನಂತ.

ದಾವಲಸಾಬ ಗ್ಯಾರೇಜಿಗೆ ಕೀಲಿ ಹಾಕಿದ. ಇನ್ನ ಯಾವ ಗಾಡೀನೂ ಕೇಳಂಗಿಲ್ಲ, ಈ ಕಿವಿ ಇದ್ದೂ ಇಲ್ಲದಂಗ ಅಂದ. ಕೀಲಿ ತಗಿಸಿದಾಕಿ ನೀಲವ್ವನ. ಕೀಲಿ ಹಾಕಿದ್ರ ನನ್ನ ಗಂಡ ಬರ್ತಾನೇನು, ನಾಳೆ ಮತ್ತೊಬ್ಬಾಕಿ ಗಂಡ ಹೋದ್ರ ಏನು ಮಾಡ್ತಿ ಅಂತ ಕೇಳಿದಳು. ಇನ್ನ ಮ್ಯಾಲ ಎಣಿಸೂದು ನಾನು, ಕೇಳೂದು ನೀನು ಅಂದಳು. ಅವತ್ತಿನಿಂದ ಗಾಡಿ ಪರೀಕ್ಷಾ ಇದ್ದ ದಿನ ಬೆಳಿಗ್ಗೆ ಆಕಿ ಹುಣಸೀಮರದ ಕೆಳಗ ಬಂದು ನಿಲ್ಲತಿದ್ದಳು. ಚಾಲೂ ಮಾಡ್ರಿ ಅಂತಿದ್ದಳು. ಒಂದು, ಎರಡು, ಮೂರು ಅಂತ ಹತ್ತರತನಕ ಎಣಿಸಿ, ಅಣ್ಣಾ ಕೇಳಿತ್ತೇನು ಅಂತ ಕೇಳತಿದ್ದಳು. ಅವ ಕೇಳಿದ್ದನ್ನ ಕೇಳಿದಂಗ ಹೇಳತಿದ್ದ. ಮುದುಕ ಆದ ಮ್ಯಾಲ ಅವನ ಕಿವಿನೂ ಮಂದ ಆದ್ವು. ಆದ ದಿನಾನ ಸಂತಿ ನಡುವ ನಿಂತು, ನನ್ನ ಕಿವಿ ಹೋಗ್ಯಾವು, ಇನ್ನ ನನ್ನ ಮಾತು ನಂಬಬ್ಯಾಡ್ರಿ ಅಂತ ತಾನ ಸಾರಿದನಂತ.

ದಾವಲಸಾಬ ಹೋದ, ನೀಲವ್ವ ಹೋದಳು, ಆ ಗ್ಯಾರೇಜೂ ಇಲ್ಲ. ಮರ ಐತಿ. ಇವತ್ತಿಗೂ ಆ ಸೀಮ್ಯಾಗ ಹಳೇ ಕಾರು ಕೊಳ್ಳಲಿ, ಟ್ರ್ಯಾಕ್ಟರ್ ಕೊಳ್ಳಲಿ, ಗಾಡಿ ಒಂದು ರಾತ್ರಿ ಆ ಮರದ ಕೆಳಗ ನಿಲ್ಲತೈತಿ. ಬೆಳಿಗ್ಗೆ ಕೊಳ್ಳಾವರ ಮನಿ ಹೆಣ್ಣಮಗಳು ಬಂದು ಹತ್ತು ಎಣಿಸ್ತಾಳ. ಹತ್ತು ಮುಗಿದ ಮ್ಯಾಲ ಆಕಿ ಅಲ್ಲಿ ನಿಂತ ಒಬ್ಬೊಬ್ಬರ ಮಾರಿ ನೋಡಿ, ಕೇಳಿತ್ತೇನು ಅಂತ ಕೇಳ್ತಾಳ. ಮಾವ ಇರಲಿ, ಉಸ್ತಾದ ಇರಲಿ, ಮಾರಾಕ ಬಂದಾವ ಇರಲಿ, ಎಲ್ಲಾರೂ ಬಾಯಿ ಬಿಟ್ಟು ಜವಾಬು ಹೇಳಬೇಕು. ಹಿರ್‍ಯಾರ ಮುಂದ ಹೆಂಗ ಹೇಳ್ಲಿ ಅಂತ ಸುಮ್ಮನ ನಿಂತಾವನ್ನ ಮಂದಿ ಬಿಡಂಗಿಲ್ಲ. ಜೋರಾಗಿ ಹೇಳಪಾ, ಉಸ್ತಾದಗ ಕೇಳಬೇಕು, ಅಂತಾರ.